ಬಸ್ಸು ಫ್ರೀ, ನಮ್ಮ ದಿನ ಫ್ರೀ ಅಲ್ಲ ಮೇಡಂ



ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಜನರನ್ನ ನೋಡೋದರ ಜೊತೆಗೆ ಸೈಕಾಲಜಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಫೀಲ್ಡಲ್ಲಿ ಸೂಪರ್‌ವಿಷನ್ ಕೊಡ್ತೀನಿ. ಈ ವರ್ಷ ಒಂದು ಪಿಜಿ ವಿಭಾಗದವರು ಫೋನ್ ಮಾಡಿ, "ಮೇಡಂ, ಮೂರು ಪ್ರಶಸ್ತಿ ಕೊಡಬೇಕು ಅಂತಿದ್ದೀವಿ. ಒಳ್ಳೇ ವಿದ್ಯಾರ್ಥಿ ಸಂಘಕ್ಕೊಂದು, ಒಳ್ಳೇ ಮಾರ್ಗದರ್ಶಕರಿಗೊಂದು, ನಮ್ಮ ವಿದ್ಯಾರ್ಥಿಗಳನ್ನ ಫೀಲ್ಡಿಗೆ ಕರ್ಕೊಳ್ಳೋ ಸಮುದಾಯದ ಸಂಸ್ಥೆ ಅಥವಾ ವ್ಯಕ್ತಿಗೊಂದು. ನೀವು ಆಯ್ಕೆ ಸಮಿತಿಯಲ್ಲಿ ಇರ್ತೀರಾ?" ಅಂತ ಕೇಳಿದ್ರು. ಇರ್ತೀನಿ ಅಂದೆ. ನಮ್ಮ ಕಡೆ ಸನ್ಮಾನ ಅಂದ್ರೆ ನಿಮಗೆ ಗೊತ್ತೇ ಇದೆ: ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಒಂದು ಫಲಕ, ಒಂದು ಗ್ರೂಪ್ ಫೋಟೊ. ಹತ್ತು ನಿಮಿಷದ ಕೆಲಸ. ಆದ್ರೆ ಸಮಿತಿಯಲ್ಲಿ ಕೂತ ಮೇಲೆ ನಮ್ಮ ಮುಂದೆ ಬಂದಿದ್ದು ಇನ್ನೊಂದೇ ಪ್ರಶ್ನೆ. ಒಬ್ಬ ಮನಃಶಾಸ್ತ್ರಜ್ಞೆಯನ್ನ ನಿಜವಾಗಿ ತಯಾರು ಮಾಡೋರು ಯಾರು, ಅವರಿಗೆ ನಾವು ಏನು ಕೊಡ್ತಿದ್ದೀವಿ? ಇವತ್ತಿನ ಮಾತು ಅದರ ಬಗ್ಗೆ.

ಒಂದು ಹಳೇ ಸಂಗತಿ ಮೊದಲು ಹೇಳಿಬಿಡ್ತೀನಿ, ಪಾಡ್‌ಕಾಸ್ಟ್ ಕೇಳೋರಿಗೆ ಇಷ್ಟ ಆಗುತ್ತೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯ್ತು. ಕಟ್ಟಿದವರು ಲಂಡನ್‌ನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. ಅದೇ ಪ್ರೊಫೆಸರ್ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಖಾಸಗಿ ರೇಡಿಯೊ ಕೇಂದ್ರ ಶುರು ಮಾಡಿದ್ರು. ಅದರ ಹೆಸರು ಆಕಾಶವಾಣಿ. ಅಂದ್ರೆ, ಕ್ಲಾಸ್‌ರೂಮಿನ ಗೋಡೆ ದಾಟಿ ಜನರ ಕಿವಿಗೆ ತಲುಪಬೇಕು ಅನ್ನೋ ಆಸೆ ನಮ್ಮ ನಾಡಿನ ಸೈಕಾಲಜಿಗೆ ಆಗಲೇ ಇತ್ತು ಅಂತ ನಾನು ಅಂದ್ಕೊಳ್ತೀನಿ.

ಈಗ ತರಬೇತಿ ಹೇಗೆ ನಡೆಯುತ್ತೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಬೇಕು ಅಂದ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ನಮ್ಮ ಕಾಲದಲ್ಲಿದ್ದ ದಾರಿ ಎರಡು ವರ್ಷದ ಎಂ.ಫಿಲ್. ಈಗ ಕೋರ್ಸ್‌ಗಳ ಹೆಸರು, ಸ್ವರೂಪ ಎರಡೂ ಬದಲಾಗ್ತಿವೆ. ಬದಲಾಗದೇ ಇರೋದು ಏನಂದ್ರೆ, ಪುಸ್ತಕ ಓದಿದ್ರೆ ಈ ಕೆಲಸ ಬರಲ್ಲ. ಎದುರಿಗೆ ಮನುಷ್ಯರು ಕೂತಿರಬೇಕು, ನಿಮ್ಮ ಹಿಂದೆ ಇನ್ನೊಬ್ಬರು ನಿಂತಿರಬೇಕು. ಕೇಸ್ ಬರೀಬೇಕು, ಅದನ್ನ ಸೂಪರ್‌ವೈಸರ್ ಓದಿ ತಿದ್ದಬೇಕು, ಲಾಗ್‌ಬುಕ್ಕಿಗೆ ಸಹಿ ಬೀಳಬೇಕು. ಮಾರ್ಕ್ಸ್ ಕಾರ್ಡಲ್ಲಿ ಕಾಣೋದು ವಿಶ್ವವಿದ್ಯಾಲಯದ ಹೆಸರು ಮಾತ್ರ. ಉಳಿದವರು ಯಾರೂ ಕಾಣಲ್ಲ.

ವಿದ್ಯಾರ್ಥಿ ಸಂಘಗಳ ವಿಷಯಕ್ಕೆ ಬರ್ತೀನಿ. ಸಮಿತಿಯಲ್ಲಿ ಒಬ್ಬರು, "ಅವರೇನು ಮಾಡ್ತಾರೆ, ಫ್ರೆಶರ್ಸ್ ಡೇ, ಫೇರ್‌ವೆಲ್, ರೀಲ್ಸ್" ಅಂದ್ರು. ನನಗೆ ಸ್ವಲ್ಪ ಸಿಟ್ಟು ಬಂತು. ಯಾಕಂದ್ರೆ ಸೈಕಾಲಜಿಯ ಇತಿಹಾಸದಲ್ಲೇ ವಿದ್ಯಾರ್ಥಿಗಳು ದೊಡ್ಡವರ ಕಣ್ಣು ತೆರೆಸಿದ ಉದಾಹರಣೆ ಇದೆ. ಅದು ಅಮೆರಿಕದ್ದು.

1969. ವಾಷಿಂಗ್ಟನ್‌ನಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ವಾರ್ಷಿಕ ಸಮ್ಮೇಳನ. ಅಧ್ಯಕ್ಷರು ಜಾರ್ಜ್ ಮಿಲ್ಲರ್. ಸೈಕಾಲಜಿ ಓದೋರಿಗೆ ಇವರು ಗೊತ್ತು, ನಮ್ಮ ಅಲ್ಪಾವಧಿ ನೆನಪಿನಲ್ಲಿ ಏಳು ಸಂಗತಿ, ಎರಡು ಹೆಚ್ಚು ಇಲ್ಲಾ ಎರಡು ಕಮ್ಮಿ ಹಿಡಿಯುತ್ತೆ ಅಂತ ಬರೆದವರು. ಅವತ್ತು ಅವರ ಅಧ್ಯಕ್ಷ ಭಾಷಣದ ವಿಷಯ ಮನುಷ್ಯರ ಒಳಿತಿಗೆ ಸೈಕಾಲಜಿಯನ್ನ ಬಳಸೋದು, ಈ ವಿದ್ಯೆಯನ್ನ ತಜ್ಞರ ಕೈಯಿಂದ ಜನರ ಕೈಗೆ ಕೊಡೋದು. ಅವರು ಭಾಷಣ ಶುರು ಮಾಡೋ ಮುಂಚೆ ಕಪ್ಪು ವಿದ್ಯಾರ್ಥಿಗಳ ಒಂದು ಗುಂಪು ವೇದಿಕೆಗೆ ಬಂತು. ಬ್ಲ್ಯಾಕ್ ಸ್ಟೂಡೆಂಟ್ಸ್ ಸೈಕಲಾಜಿಕಲ್ ಅಸೋಸಿಯೇಷನ್ ಅನ್ನೋ ಸಂಘದವರು. ಅವರು ತಂದಿದ್ದ ಬೇಡಿಕೆಗಳು ಸರಳವಾಗಿದ್ವು. ಸೈಕಾಲಜಿ ಕೋರ್ಸ್‌ಗಳಿಗೆ ಕಪ್ಪು ವಿದ್ಯಾರ್ಥಿಗಳನ್ನ ತನ್ನಿ, ಕಲಿಸೋಕೆ ಕಪ್ಪು ಅಧ್ಯಾಪಕರನ್ನ ತನ್ನಿ, ಎಲ್ಲಿ ಧನಸಹಾಯ ಸಿಗುತ್ತೆ ಅಂತ ಮಾಹಿತಿ ಕೊಡಿ. ಅದರ ಜೊತೆಗೆ, ನಮ್ಮದೇ ಸಮುದಾಯದ ನಡುವೆ ಅರ್ಥಪೂರ್ಣ ಅನುಭವ ಸಿಗೋ ಹಾಗೆ, ಅಲ್ಲೇ ಕೆಲಸ ಮಾಡೋಕೆ ಬರೋ ಹಾಗೆ ತರಬೇತಿ ರೂಪಿಸಿ.

ಗಮನಿಸಿ, ಮಾರ್ಗದರ್ಶಕರು ಬೇಕು, ಸಮುದಾಯ ಬೇಕು ಅಂತ ಕೇಳಿದ್ದು ವಿದ್ಯಾರ್ಥಿ ಸಂಘ. ನಮ್ಮ ಮೂರು ಪ್ರಶಸ್ತಿಗಳು ಅಲ್ಲಿ ಒಂದೇ ಪಟ್ಟಿಯಲ್ಲಿದ್ವು.

ಅದರ ಹಿಂದಿನ ವರ್ಷ, 1968ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಪ್ಪು ಮನಃಶಾಸ್ತ್ರಜ್ಞರು ತಮ್ಮದೇ ಸಂಘ ಕಟ್ಟಿಕೊಂಡಿದ್ರು. ಕಟ್ಟಿದವರಲ್ಲಿ ಒಬ್ಬರು ಜೋಸೆಫ್ ವೈಟ್. ಆಮೇಲೆ ದಶಕಗಟ್ಟಲೆ ಅವರು ಎಷ್ಟೋ ವಿದ್ಯಾರ್ಥಿಗಳನ್ನ ಕೈ ಹಿಡಿದು ಪಿಎಚ್‌ಡಿವರೆಗೆ ದಾಟಿಸಿದ್ರು. ಅವರು ಬೆಳೆಸಿದ ಶಿಷ್ಯರ ಸಾಲಿಗೆ 'ಫ್ರೀಡಂ ಟ್ರೈನ್' ಅಂತಲೇ ಹೆಸರು ಬಿತ್ತು. 1971ರಲ್ಲಿ ಕೆನೆತ್ ಕ್ಲಾರ್ಕ್ ಅಮೆರಿಕದ ಆ ದೊಡ್ಡ ಸಂಘದ ಮೊದಲ ಕಪ್ಪು ಅಧ್ಯಕ್ಷರಾದ್ರು. 1974ರಲ್ಲಿ ಅಲ್ಪಸಂಖ್ಯಾತ ಸಮುದಾಯದ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಶುರುವಾಯ್ತು. ಇವೆಲ್ಲಾ ಆ ಒಂದು ದಿನದಿಂದಲೇ ಆಯ್ತು ಅಂದ್ರೆ ಅತಿಶಯೋಕ್ತಿ. ಆದ್ರೆ ಆ ಹುಡುಗ ಹುಡುಗೀರು ವೇದಿಕೆ ಹತ್ತದೇ ಇದ್ದಿದ್ರೆ ಇಷ್ಟು ಬೇಗ ಆಗ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ನಮ್ಮ ವಿದ್ಯಾರ್ಥಿಗಳ ಕೆಲಸ ಇಷ್ಟು ನಾಟಕೀಯವಾಗಿ ಕಾಣಲ್ಲ. ಬಹಳಷ್ಟು ಒಂದು ವಾಟ್ಸ್ಯಾಪ್ ಗ್ರೂಪಲ್ಲಿ ನಡೆಯುತ್ತೆ. ಯಾವ ಇಂಟರ್ನ್‌ಶಿಪ್‌ನವರು ಕಲಿಸ್ತಾರೆ, ಯಾರು ಹಣ ತಗೊಂಡು ಬರೀ ಸರ್ಟಿಫಿಕೇಟ್ ಕೊಡ್ತಾರೆ ಅನ್ನೋ ಪಟ್ಟಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇಳಿದು ಬರುತ್ತೆ. ಹೌದು, ಇಂಟರ್ನ್‌ಶಿಪ್ಪಿಗೆ ವಿದ್ಯಾರ್ಥಿಗಳೇ ದುಡ್ಡು ಕೊಡಬೇಕಾದ ಜಾಗಗಳಿವೆ. ಹಳ್ಳಿಯಿಂದ ಬಂದ ಹುಡುಗಿ, ಪಿಜಿ ಬಾಡಿಗೆನೇ ಕಷ್ಟ, ಅವಳು ಎಲ್ಲಿಂದ ತರ್ತಾಳೆ? ಆ ಪಟ್ಟಿ ಅವಳ ಪಾಲಿಗೆ ಎಷ್ಟು ದೊಡ್ಡದು ಅಂತ ಯಾವ ಅಧ್ಯಾಪಕರಿಗೂ ಪೂರ್ತಿ ಗೊತ್ತಿರಲ್ಲ.

ಇನ್ನೊಂದು ವಿಷಯ ಹೇಳ್ತೀನಿ, ಸ್ವಲ್ಪ ಭಾರವಾದದ್ದು. ಸಾವಿನ ಬಗ್ಗೆ ಇದೆ. ಕೇಳೋಕೆ ಕಷ್ಟ ಆದ್ರೆ ಒಂದೆರಡು ನಿಮಿಷ ಮುಂದಕ್ಕೆ ಹೋಗಿ.

ನನಗೆ ಗೊತ್ತಿರೋ ಒಬ್ಬ ವಿದ್ಯಾರ್ಥಿನಿ. ಅವಳ ಒಪ್ಪಿಗೆ ತಗೊಂಡು, ಗುರುತು ಸಿಗೋ ವಿವರ ಬಿಟ್ಟು ಹೇಳ್ತಿದ್ದೀನಿ. ತರಬೇತಿಯ ಮೊದಲ ವರ್ಷದಲ್ಲೇ ಅವಳ ಹತ್ರ ಬರ್ತಿದ್ದ ಒಬ್ಬರು ಆತ್ಮಹತ್ಯೆಯಿಂದ ತೀರ್ಕೊಂಡ್ರು. ಬೆಳಿಗ್ಗೆ ಸುದ್ದಿ ಬಂತು. ಮಧ್ಯಾಹ್ನ ಸಂಸ್ಥೆಯಿಂದ ಬಂದ ಮೊದಲ ಮಾತು, ಆ ಫೈಲ್ ಪೂರ್ತಿ ಮಾಡಿ ಕೊಡಿ ಅಂತ. ನಿಯಮ ಅದು, ತಪ್ಪು ಅನ್ನಲ್ಲ. ಆದ್ರೆ 23 ವರ್ಷದ ಹುಡುಗಿಗೆ ಅವತ್ತು ಬೇಕಾಗಿದ್ದು ಬೇರೆ. ಸೀನಿಯರ್‌ಗಳು ಇಬ್ಬರು ಒಂದು ವಾರ ಅವಳ ರೂಮಲ್ಲೇ ಮಲಗಿದ್ರು. ಒಬ್ಬಳು ದಿನಾ ಮೆಸ್ಸಿಗೆ ಕರ್ಕೊಂಡು ಹೋಗಿ ಎದುರಿಗೆ ಕೂತು ಊಟ ಮಾಡಿಸಿದಳು. ಇನ್ನೊಬ್ಬ ಹುಡುಗ, "ನನಗೂ ಹೀಗಾಗಿತ್ತು ಕಣೇ" ಅಂತ, ಅಲ್ಲೀವರೆಗೆ ಯಾರಿಗೂ ಹೇಳದೇ ಇದ್ದಿದ್ದನ್ನ ಹೇಳಿದ. ಅವಳು ಬ್ಯಾಗ್ ಕಟ್ಟಿ ಊರಿಗೆ ಹೊರಟಿದ್ದಳು, ಕೋರ್ಸ್ ಬಿಟ್ಟು. ಹೋಗಲಿಲ್ಲ.

ಆಮೇಲೆ ಅವಳ ಸೂಪರ್‌ವೈಸರ್ ಮಾಡಿದ್ದು ನನಗೆ ಮರೆಯೋಕಾಗಲ್ಲ. ಅವರು ಉಪದೇಶ ಮಾಡಲಿಲ್ಲ. ಶನಿವಾರ ಮಧ್ಯಾಹ್ನ ಕೂರಿಸಿಕೊಂಡು ಆ ಫೈಲನ್ನ ಸಾಲು ಸಾಲು ಓದಿದ್ರು. ಇಲ್ಲಿ ನಿನಗೆ ಏನು ಗೊತ್ತಿತ್ತು? ಇಲ್ಲಿ ಏನು ಕೇಳಿದೆ? ಇಲ್ಲಿ ನನಗೆ ಹೇಳಿದ್ದೆ, ನೋಡು, ನನ್ನ ಸಹಿ ಇದೆ. ನಾಲ್ಕು ಗಂಟೆ ಹಿಡೀತು. ಆ ನಾಲ್ಕು ಗಂಟೆ ಅವರ ವರ್ಕ್‌ಲೋಡಲ್ಲಿ ಎಲ್ಲೂ ಬರಲ್ಲ. ಬಡ್ತಿಗೆ ಅರ್ಜಿ ಹಾಕುವಾಗ ಎಷ್ಟು ಪೇಪರ್ ಬರೆದ್ರಿ ಅಂತ ಕೇಳ್ತಾರೆ. ಎಷ್ಟು ವಿದ್ಯಾರ್ಥಿಗಳು ನಿಮ್ಮಿಂದ ಈ ವೃತ್ತಿಯಲ್ಲಿ ಉಳಿದ್ರು ಅನ್ನೋದಕ್ಕೆ ಆ ಫಾರಂನಲ್ಲಿ ಕಾಲಂ ಇಲ್ಲ. ಆ ಹುಡುಗಿ ಈಗ ಒಂದು ಜಿಲ್ಲೆಯಲ್ಲಿ ಕೆಲಸ ಮಾಡ್ತಿದ್ದಾಳೆ, ಜೂನಿಯರ್‌ಗಳ ಫೋನಿಗೆ ರಾತ್ರಿ ಹನ್ನೊಂದಕ್ಕೂ ಉತ್ತರ ಕೊಡ್ತಾಳೆ. ಅದು ಒಳ್ಳೇ ಅಭ್ಯಾಸನಾ ಅನ್ನೋದು ಬೇರೆ ಚರ್ಚೆ.

ಈಗ ಮೂರನೇದು, ಸಮುದಾಯ. ನನಗೆ ಅತಿ ಹೆಚ್ಚು ಮಾತಾಡಬೇಕು ಅನ್ಸೋದು ಇಲ್ಲೇ.

ಕರ್ನಾಟಕಕ್ಕೆ ಇದರಲ್ಲಿ ದೊಡ್ಡ ಹೆಸರಿದೆ. 1970ರ ದಶಕದಲ್ಲೇ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗೆ ಆನೇಕಲ್ ಕಡೆ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ಮಾಡಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರು ಕೂಡ ಮಾನಸಿಕ ಕಾಯಿಲೆ ಗುರುತಿಸಬಹುದು, ಚಿಕಿತ್ಸೆಗೆ ನೆರವಾಗಬಹುದು ಅಂತ ತೋರಿಸೋ ಕೆಲಸ ಅಲ್ಲಿ ನಡೀತು. 1980ರ ದಶಕದಲ್ಲಿ ಅದನ್ನ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು. ಪುಸ್ತಕಗಳಲ್ಲಿ ಇದನ್ನ ತಜ್ಞರು ಹಳ್ಳಿಗೆ ಕಲಿಸಿದ ಕಥೆ ಅಂತ ಓದ್ತೀವಿ. ಹಳ್ಳಿ ತಜ್ಞರಿಗೆ ಕಲಿಸಿದ್ದರ ಬಗ್ಗೆ ಅಷ್ಟಾಗಿ ಓದಲ್ಲ.

ಏನು ಕಲಿಸುತ್ತೆ? ಮೊದಲು ಭಾಷೆ. ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಲ್ಲಿ ಡಿಪ್ರೆಶನ್ ಓದಿರ್ತಾರೆ, ಅನುವಾದ ಮಾಡಿದ್ರೆ 'ಖಿನ್ನತೆ' ಅಂತಾರೆ. ಫೀಲ್ಡಿಗೆ ಹೋಗಿ ಒಬ್ಬ ಅಜ್ಜಿ ಹತ್ರ "ನಿಮಗೆ ಖಿನ್ನತೆ ಇದೆಯಾ?" ಅಂತ ಕೇಳ್ತಾರೆ. ಅಜ್ಜಿ, "ಇಲ್ಲಪ್ಪ, ಅದೆಲ್ಲಾ ನಮ್ಮನೇಲಿ ಇಲ್ಲ" ಅಂತಾರೆ. ನಗಬೇಡಿ, ಇದು ಪ್ರತಿ ಬ್ಯಾಚಲ್ಲೂ ಆಗುತ್ತೆ. ಹಾಗೊಂದು ಸಲ ಜೊತೆಗಿದ್ದ ಆಶಾ ಕಾರ್ಯಕರ್ತೆ ನಿಧಾನಕ್ಕೆ ಮುಂದೆ ಬಂದು, "ಅಜ್ಜಿ, ಊಟ ಸೇರ್ತದಾ? ರಾತ್ರಿ ಕಣ್ಣು ಮುಚ್ಚಿದ್ರೆ ನಿದ್ದೆ ಬರ್ತದಾ? ಮನೇಲಿ ಯಾರ ಹತ್ರಾನೂ ಮಾತಾಡೋದು ಬ್ಯಾಡ ಅನ್ನಿಸ್ತದಾ?" ಅಂತ ಕೇಳಿದ್ರು. ಅಜ್ಜಿ ಅರ್ಧ ಗಂಟೆ ಮಾತಾಡಿದ್ರು. ಜೀವಕ್ಕೆ ಸಮಾಧಾನ ಇಲ್ಲ, ಎದೆ ಹಿಂಡ್ತದೆ, ಮಗ ಫೋನ್ ಮಾಡಲ್ಲ, ಯಾಕಾದ್ರೂ ಬದುಕಿದ್ದೀನೋ ಅನ್ನಿಸ್ತದೆ. ವಿದ್ಯಾರ್ಥಿಯ ಪೆನ್ನು ನಿಂತೇ ಹೋಗಿತ್ತು. ವಾಪಸ್ ಬರುವಾಗ ಆಶಾ ಅಕ್ಕ ಇನ್ನೊಂದು ಹೇಳಿದ್ರು. ಅಜ್ಜಿ ಜೊತೆ ಮಾತಾಡೋವಾಗ ಸೊಸೆ ಬಾಗಿಲಲ್ಲಿ ನಿಂತಿದ್ಲು, ಅದಕ್ಕೇ ನಾನು ಅವಳನ್ನ ನೀರು ತರೋಕೆ ಕಳಿಸಿದ್ದು, ನೀವು ನೋಡ್ಲಿಲ್ವಾ ಅಂತ.

ಗೌಪ್ಯತೆ ಕಾಪಾಡೋದರ ಬಗ್ಗೆ ನಾನು ಎರಡು ಕ್ಲಾಸ್ ತಗೋತೀನಿ. ಆ ಅಕ್ಕ ಒಂದು ಲೋಟ ನೀರಲ್ಲಿ ಕಲಿಸಿಬಿಟ್ರು.

ಆದ್ರೆ ಆಶಾ ಕಾರ್ಯಕರ್ತೆಯರಿಗೆ ಸಂಬಳ ಅಂತ ಇಲ್ಲ. ಗೌರವಧನ, ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ, ಅಷ್ಟೇ. ನಮ್ಮ ವಿದ್ಯಾರ್ಥಿಗಳನ್ನ ಮನೆ ಮನೆಗೆ ಕರ್ಕೊಂಡು ಹೋದ ದಿನ ಅವರ ಬೇರೆ ಕೆಲಸ ನಿಲ್ಲುತ್ತೆ. ಅವರನ್ನ ಪ್ರಶಸ್ತಿಗೆ ಹೆಸರಿಸ್ತೀವಿ, ಕಾರ್ಯಕ್ರಮಕ್ಕೆ ಬನ್ನಿ ಅಂತ ನಾನೇ ಫೋನ್ ಮಾಡಿದೆ. "ಮಹಿಳೆಯರಿಗೆ ಬಸ್ಸು ಫ್ರೀ ಇದೆಯಲ್ಲ, ಬರೋಕೆ ತೊಂದರೆ ಆಗಲ್ಲ ಅಲ್ವಾ?" ಅಂದೆ. ಅವರು ನಕ್ಕು, "ಬಸ್ಸು ಫ್ರೀ, ನಮ್ಮ ದಿನ ಫ್ರೀ ಅಲ್ಲ ಮೇಡಂ" ಅಂದ್ರು. ಶಾಲು ಬಗ್ಗೆ ಅವರಿಗೆ ಬೇಜಾರಿಲ್ಲ, ಮನೇಲಿ ಈಗಾಗಲೇ ಆರಿವೆಯಂತೆ.

ಆ ಮಾತಿನಿಂದ ಸಮಿತಿಯಲ್ಲಿ ಚರ್ಚೆ ದಿಕ್ಕು ಬದಲಿಸ್ತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೇ ಇರೋರ ಪ್ರಮಾಣ ಶೇಕಡಾ 70ರಿಂದ 92. ಇಷ್ಟು ದೊಡ್ಡ ಕಂದರ ಬರೀ ಡಿಗ್ರಿ ಇರೋರಿಂದ ತುಂಬಲ್ಲ. ಡಾ. ಸಿ.ಆರ್. ಚಂದ್ರಶೇಖರ್ ಅವರ ಹೆಸರು ಕೇಳಿರ್ತೀರಿ, ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು, ಕನ್ನಡದಲ್ಲಿ ರಾಶಿ ಪುಸ್ತಕ ಬರೆದವರು, 2024ರಲ್ಲಿ ಪದ್ಮಶ್ರೀ ಬಂತು. ಅವರು ನಿವೃತ್ತಿ ಆದ ಮೇಲೆ ಬೆಂಗಳೂರಲ್ಲಿ ಸಮಾಧಾನ ಅನ್ನೋ ಉಚಿತ ಆಪ್ತಸಲಹಾ ಕೇಂದ್ರ ನಡೆಸ್ತಾ, ಸಾಮಾನ್ಯ ಜನರಿಗೂ ಆಪ್ತಸಲಹೆಯ ತರಬೇತಿ ಕೊಟ್ರು. ಗೃಹಿಣಿಯರು, ರಿಟೈರ್ ಆದವರು ಕೂಡ ಸರಿಯಾದ ತರಬೇತಿ ಇದ್ರೆ ಇನ್ನೊಬ್ಬರ ಮಾತು ಕೇಳಿಸ್ಕೊಳ್ಳೋಕೆ ಆಗುತ್ತೆ ಅಂತ ಇಂಥ ಕೇಂದ್ರಗಳೇ ತೋರಿಸಿದ್ದು.

ಹಾಗಾದ್ರೆ ಗುರುತಿಸೋದು ಹೇಗೆ? ಇಲ್ಲಿ ಕೆಲವು ತೊಡಕುಗಳಿವೆ, ನಮ್ಮ ವೃತ್ತಿಗೇ ಅಂಟಿಕೊಂಡವು.

ಒಬ್ಬರು ಇದ್ದಾರೆ. ಸ್ಕಿಜೋಫ್ರೇನಿಯಾದಿಂದ ಚೇತರಿಸ್ಕೊಂಡು, ಪ್ರತಿ ವರ್ಷ ನಮ್ಮ ವಿದ್ಯಾರ್ಥಿಗಳ ಮುಂದೆ ಕೂತು ತಮ್ಮ ಕಥೆ ಹೇಳ್ತಾರೆ. ವಿದ್ಯಾರ್ಥಿಗಳು ಅವರ ಹೆಸರನ್ನ ಕಳಿಸಿದ್ರು. ಖುಷಿಯಾಯ್ತು. ಆದ್ರೆ ವೇದಿಕೆಗೆ ಕರೆದು, ಫೋಟೊ ತೆಗೆದು, ಇನ್‌ಸ್ಟಾಗ್ರಾಂಗೆ ಹಾಕಿದ್ರೆ? ಅವರ ತಂಗಿ ಮದುವೆ ಮಾತುಕತೆ ನಡೀತಿದೆ. ನಾವೇ ಅವರನ್ನ ಕೇಳಿದ್ವಿ. ಅವರು ಎರಡು ದಿನ ಟೈಮ್ ತಗೊಂಡು, "ಕ್ಲಾಸಲ್ಲಿ ಹೇಳೋದಕ್ಕೆ ದುಡ್ಡು ಕೊಡಿ, ಫೋಟೊ ಬೇಡ" ಅಂದ್ರು. ಸ್ಪಷ್ಟವಾಗಿತ್ತು. ಅವರ ಅನುಭವ ಒಂದು ಗೆಸ್ಟ್ ಲೆಕ್ಚರ್, ಹಾಗಾಗಿ ಬೇರೆ ಅತಿಥಿಗಳಿಗೆ ಕೊಡೋ ಸಂಭಾವನೆಯೇ ಅವರಿಗೂ ಸಲ್ಲಬೇಕು ಅಂತ ಬರೆದ್ವಿ.

ಮಾರ್ಗದರ್ಶಕರ ವಿಷಯದಲ್ಲಿ ಇನ್ನೊಂದು ತೊಡಕು. ನಾಮನಿರ್ದೇಶನ ಮಾಡೋರು ವಿದ್ಯಾರ್ಥಿಗಳು, ಅವರ ಲಾಗ್‌ಬುಕ್ಕಿಗೆ ಸಹಿ ಹಾಕೋರೂ ಅದೇ ಮಾರ್ಗದರ್ಶಕರು. ನಾಳೆ ವೈವಾ ಇರೋವಾಗ ಇವತ್ತು "ನಿಮ್ಮ ಗೈಡ್ ಹೇಗೆ?" ಅಂದ್ರೆ ಯಾರು ನಿಜ ಹೇಳ್ತಾರೆ? ಒಬ್ಬ ಗೈಡಿಗೆ ಹದಿನಾಲ್ಕು ನಾಮನಿರ್ದೇಶನ ಬಂದಿತ್ತು, ಹದಿನಾಲ್ಕೂ ಒಂದೇ ಥರದ ವಾಕ್ಯ. ನಾನು ಹೆಚ್ಚೇನೂ ಹೇಳಲ್ಲ. ಅದಕ್ಕೇ ಮುಂದಿನ ವರ್ಷದಿಂದ ಕೋರ್ಸ್ ಮುಗಿಸಿ ಕನಿಷ್ಠ ಎರಡು ವರ್ಷ ಆದವರು ಮಾತ್ರ ಹೆಸರು ಸೂಚಿಸಬೇಕು ಅಂತ ಕೇಳಿದ್ದೀವಿ. ಹೊರಗೆ ಹೋಗಿ, ಒಬ್ಬರೇ ಕೂತು, ಎದುರಿಗಿರೋರು ಅಳುವಾಗ ಯಾರ ಧ್ವನಿ ನೆನಪಿಗೆ ಬರುತ್ತೋ, ಆ ಹೆಸರು ಬರಲಿ.

ನನಗೆ ಹಾಗೆ ನೆನಪಾಗೋ ಧ್ವನಿ ಒಂದಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ರೋಗಿ ಸುಮ್ಮನಾದ ತಕ್ಷಣ ನಾನು ಮಾತಾಡ್ತಿದ್ದೆ. ನನ್ನ ಸೂಪರ್‌ವೈಸರ್ ಟೇಪ್ ನಿಲ್ಲಿಸಿ, "ಆ ಮೌನ ಯಾರದ್ದಮ್ಮಾ? ಅವರದ್ದಲ್ವಾ? ನೀನ್ಯಾಕೆ ಎತ್ಕೊಂಡೆ?" ಅಂದಿದ್ರು. ಈಗ ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಹೇಳ್ತೀನಿ, ಅವರು ತಮ್ಮ ಜೂನಿಯರ್‌ಗಳಿಗೆ ಹೇಳ್ತಾರಂತೆ. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಕೊನೆಗೆ ನಮ್ಮ ಸಮಿತಿ ಏನು ಬರೆದು ಕೊಡ್ತು ಅಂತ ಹೇಳ್ತೀನಿ. ಪ್ರಶಸ್ತಿ ಇರಲಿ, ಯಾರಿಗೂ ಬೇಡ ಅನ್ನಲ್ಲ, ಅಪ್ಪ ಅಮ್ಮ ಬಂದು ಚಪ್ಪಾಳೆ ಹೊಡೀತಾರೆ, ಅದೂ ಬೇಕು. ಜೊತೆಗೆ, ಪಠ್ಯಕ್ರಮ ತಯಾರಿಸೋ ಮಂಡಳಿಯ ಸಭೆಗೆ ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳು ಬರಲಿ, ಅವರನ್ನ ವಿದ್ಯಾರ್ಥಿಗಳೇ ಆರಿಸಲಿ. ಸೂಪರ್‌ವಿಷನ್ ಗಂಟೆಗಳನ್ನ ವರ್ಕ್‌ಲೋಡಲ್ಲಿ ಲೆಕ್ಕ ಹಾಕಿ. ವಿದ್ಯಾರ್ಥಿಗಳನ್ನ ಕರ್ಕೊಳ್ಳೋ ಸಂಸ್ಥೆಗೆ ಪ್ರತಿ ಸೆಮಿಸ್ಟರ್ ತರಬೇತಿ ವೆಚ್ಚ ಕೊಡಿ, ಫೀಲ್ಡಲ್ಲಿ ಜೊತೆ ನಡೆಯೋ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ದಿನದ ಗೌರವಧನ ಕೊಡಿ. ಅಲ್ಲಿ ಕಲೆಹಾಕಿದ ಮಾಹಿತಿಯಿಂದ ಪೇಪರ್ ಬರೆದ್ರೆ, ಬರೆಯೋ ಮುಂಚೆ ಅವರಿಗೆ ಕನ್ನಡದಲ್ಲಿ ಓದಿ ಹೇಳಿ, ಅವರ ಪಾಲು ಇದ್ರೆ ಹೆಸರು ಹಾಕಿ.

ವಿದ್ಯಾರ್ಥಿ ಪ್ರತಿನಿಧಿಗಳ ವಿಷಯಕ್ಕೆ ಒಪ್ಪಿದ್ದಾರೆ. ದಿನದ ಗೌರವಧನಕ್ಕೂ ಒಪ್ಪಿದ್ದಾರೆ, ಮೊತ್ತ ಸಣ್ಣದು. ವರ್ಕ್‌ಲೋಡ್ ವಿಷಯ 'ಪರಿಶೀಲನೆಯಲ್ಲಿದೆ'. ಸರ್ಕಾರಿ ಕಾಗದ ಓದಿ ಅಭ್ಯಾಸ ಇರೋರಿಗೆ ಆ ಪದದ ಅರ್ಥ ಗೊತ್ತು. ಹೆಸರು ಹಾಕೋ ವಿಷಯದಲ್ಲಿ ಇಬ್ಬರು ಪ್ರೊಫೆಸರ್‌ಗಳಿಗೆ ಇನ್ನೂ ಒಪ್ಪಿಗೆ ಇಲ್ಲ, ಸಂಶೋಧನೆಯ ಗುಣಮಟ್ಟ ಕೆಡುತ್ತೆ ಅಂತಾರೆ. ಅವರ ವಾದವನ್ನೂ ಕೇಳಿಸ್ಕೊಂಡಿದ್ದೀನಿ, ಒಪ್ಪಿಲ್ಲ. ಜೂನ್‌ನಲ್ಲಿ ಮತ್ತೆ ಸಭೆ ಇದೆ.

ನೀವು ಸೈಕಾಲಜಿ ವಿದ್ಯಾರ್ಥಿ ಆಗಿದ್ರೆ, ನಿಮ್ಮ ಕಾಲೇಜಲ್ಲಿ ಫೀಲ್ಡಿಗೆ ಕರ್ಕೊಂಡು ಹೋಗೋರಿಗೆ ಏನು ಕೊಡ್ತಾರೆ ಅಂತ ಒಮ್ಮೆ ವಿಚಾರಿಸಿ, ನಮಗೆ ವಾಯ್ಸ್ ನೋಟ್ ಕಳಿಸಿ. ಸಂಸ್ಥೆಯ ಹೆಸರು ಹೇಳದೇ ಹೇಳಿದ್ರೂ ಸಾಕು. ಇನ್ನು, ಇವತ್ತಿನ ಮಾತಲ್ಲಿ ಸಾವಿನ ವಿಷಯ ಬಂತು. ಅದು ನಿಮ್ಮನ್ನ ಕಾಡ್ತಿದ್ರೆ, ಅಥವಾ ನಿಮಗೇ ಮಾತಾಡೋಕೆ ಯಾರಾದ್ರೂ ಬೇಕು ಅನ್ನಿಸಿದ್ರೆ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಫೋನ್ ಎತ್ತೋರು ಕೂಡ ಹೀಗೇ ಯಾರ್ಯಾರೋ ಕಲಿಸಿ ತಯಾರಾದವರು.